ಪೂರಾ ಕೈ

ಜತ್ತದ ದನದ ಸಂತ್ಯಾಗ
ಎಲ್ಲಾರೂ ಕೇಳೋದು ಎಷ್ಟ ಲೀಟರು ಅಂತ.
ನಾ ಕೇಳಿದೆ, ಒದೀತದೇನು?

ದಲ್ಲಾಳಿ ಅಪ್ಪಾಲಾಲ ನಕ್ಕ.
"ಹದಿನಾರ ಲೀಟರ ಹಿಂಡೂ ಜರ್ಸಿ ಅದ ಅಕ್ಕಾ,
ಕೊಂಬ ಸುಟ್ಟದ್ದು, ಕಾಗದ ಪತ್ರ ಸೈತ."
ನಾ ಅದರ ಹಿಂದಿನ ಕಾಲ ನೋಡಿದೆ.
ಹಗ್ಗ ಉಜ್ಜಿ ಉಜ್ಜಿ ಕೂದಲ ಉದುರಿದ ಗೆರಿ.
ಕಾಲ ಕಟ್ಟಿ ಹಿಂಡಿದ ಹಾಲು ನಮಗ ಬ್ಯಾಡ.

ಮತ್ತೊಂದು ಖಿಲ್ಲಾರಿ. ಬೆಳ್ಳಗ, ಕೊಂಬು ಬಿಲ್ಲು ಬಾಗಿಸಿದಂಗ.
ಚಂದಕ್ಕ ಸೋತು ನಮ್ಮವರು ಅಲ್ಲೇ ನಿಂತರು.
ಅದು ಅವರನ್ನ ನೋಡಿದ ರೀತಿಗೆ
ಎರಡ ಹೆಜ್ಜಿ ಹಿಂದ ಬಂದು ಸುಮ್ಮನ ಪ್ಯಾಂಟ ಜಾಡಿಸಿಕೊಂಡರು.
"ಇದರ ಹೊಟ್ಯಾಗ ಎತ್ತು ಹುಟ್ಟತಾವು, ಹಾಲು ಹುಟ್ಟಂಗಿಲ್ಲ," ಅಂದೆ.

ನನಗ ಬೇಕಾದದ್ದು ಒಂದೂವರಿ ಕೈಗೆ ನಿಲ್ಲೂ ಆಕಳು.
ಬಲಗೈಯಾನ ಎರಡ ಬೆರಳು
ಕಣಕಿ ಕತ್ತರಸೂ ಮಶಿನ್ ತಿಂದು ಮೂರ ವರ್ಷ ಆತು.
ಹೆಬ್ಬಟ್ಟು, ಉಂಗುರದ ಬೆರಳು, ಕಿರಿಬೆರಳು,
ಇಷ್ಟರಾಗ ಹಿಂಡತೀನಿ. ತಡಾ ಆಗತದ.
ತಡಾ ಆದ್ರ ಸಿಟ್ಟಾಗದ ಜೀವ
ಮನಶ್ಯಾರೊಳಗನ ಕಡಿಮಿ.

ಬೇವಿನ ಗಿಡದ ನೆಳ್ಳಾಗ
ಸಂತಿ ಗದ್ದಲಕ್ಕ ಬೆನ್ನ ಮಾಡಿ ಕುಂತಿದ್ದಳು ಠಕೂಬಾಯಿ,
ಮಂಗಳವೇಢೆ ಕಡಿಯಾಕಿ, ಬಾಯಾಗ ಮಿಶ್ರಿ.
ಅಕೀ ಹಿಂದ ಒಂದು ಕೆಂದ ಆಕಳು,
ಎರಡನೇ ಸೂಲು, ಬಲಗಿವಿ ಸೀಳಿದ್ದು,
ನಿಂತು ನೋಡೂ ಚಂದ ಒಂದೂ ಇಲ್ಲ.
ಕರುವಿನ ಬಾಯಿಂದ ಮೊಲಿ ಬಿಡಿಸಿ ಕುಂತೆ.
ಅದಕ್ಕ ನನ್ನ ಗುರ್ತಿಲ್ಲ, ನನಗ ಅದರ ಗುರ್ತಿಲ್ಲ.
ಕುತ್ತಿಗಿ ತಿರವಿ ಒಮ್ಮೆ ನನ್ನ ನೆತ್ತಿ ಮೂಸಿತು,
ಆಮ್ಯಾಲ ಮೆಲಕ ಹಾಕಾಕ ಹತ್ತಿತು.
ಮೂರ ಬೆರಳಿನ ಹಾಲು
ಚರಿಗಿ ತಳಕ್ಕ ಬಡದ ಸಪ್ಪಳಕ್ಕ
ಅಪ್ಪಾಲಾಲನ ಮಾತ ನಿಂತವು.

ವ್ಯಾಪಾರಕ್ಕಂತ ಅವ ಟಾವೆಲ್ ಬಿಚ್ಚಿದ,
ನನ್ನ ಕಡೆ ನೋಡಿ ಮತ್ತ ಹೆಗಲಿಗೆ ಹಾಕಿಕೊಂಡ.
ಹೆಣಮಗಳ ಕೈ ಹಿಡಿಯೋದು ಹೆಂಗ?
ಠಕೂಬಾಯಿ ಮಿಶ್ರಿ ಉಗುಳಿ
ತನ್ನ ಸೆರಗ ಹೊದಿಸಿದಳು ನಮ್ಮಿಬ್ಬರ ಕೈ ಮ್ಯಾಲ.

ಪೂರಾ ಕೈ ಹಿಡದಳು. ಪೂರಾ ಅಂದ್ರ ಐವತ್ತ ಸಾವಿರ.
ಹಿಡದಾಕಿ ಹಂಗ ನಿಂತಳು.
ಬೆರಳಿಲ್ಲದ ಜಾಗಾ ಅಕೀ ಬೆರಳು ತಡವಿದವು,
ಕತ್ತಲ ಮನ್ಯಾಗ ಕಡ್ಡಿಪೆಟಿಗಿ ಹುಡುಕಿದಂಗ.
ಮಾರಿ ಮ್ಯಾಲ ಏನೂ ಇಲ್ಲ. ಸಂತಿ ಮಂದಿಗೆ ಏನೂ ಕಾಣಲಿಲ್ಲ.
ಆಮ್ಯಾಲ ಇದ್ದ ಮೂರನ್ನ ಅಷ್ಟ ಹಿಡದಳು.
ಮೂವತ್ತು.

ನನಗ ಸಿಟ್ಟ ಬಂತು.
ಮರಗಿ ಕೊಟ್ಟ ಆಕಳು ಮನ್ಯಾಗ ಹೆಂಗ ಬಾಳತದ?
ಅಕೀ ಕೈ ನಾ ಹಿಡದೆ: ನಾಕು.
ಅಕಿ ಮೂರು. ನಾ ನಾಕು.
ಕೊಳ್ಳಾಕಿ ಏರಸತಾಳ, ಮಾರಾಕಿ ಇಳಸತಾಳ,
ಸೆರಗಿನ ಕೆಳಗ ಇಂಥಾ ತಿರವಾ ಮುರವಾ ಜಗಳ.
ಕಡೀಕ ಮುದುಕಿ ನಕ್ಕಳು, ಕರೇ ಹಲ್ಲು ಕಾಣೂ ಹಂಗ.
"ಬರ ಬಾಯಿ, ಚಾಳೀಸ."
ನಮ್ಮ ಗಂಟಿನ್ಯಾಗ ಇದ್ದದ್ದು ಮೂವತ್ತೆಂಟು.
ಎರಡು ಬಾಕಿ ಉಳದವು.

ಸಂಖದಾಗ ಟೆಂಪೋದಿಂದ ಇಳಿಸಿದಾಗ ಹೊತ್ತ ಮುಳಗಿತ್ತು.
ಮರಾಠಿ ಆಕಳು, ನಮ್ಮ ಮಾತ ತಿಳೀತದೋ ಇಲ್ಲೋ ಅಂತ
ಕಸ್ತೂರಿ ದೂರ ನಿಂತ "ಸರಿ" ಅಂದಳು.
ಅಲ್ಲಿ "ಸರ" ಅಂತಾರ, ಇಲ್ಲಿ "ಸರಿ" ಅಂತೀವಿ.
ಆಕಳು ಸರದು ಮಗಳಿಗೆ ಜಾಗಾ ಕೊಟ್ಟಿತು.

ಮುಂಜಾನೆ ಹಿಂಡೂವಾಗ
ಒದೀಲಿಲ್ಲ. ಖರೆ, ಸೆಗಣಿ ಹತ್ತಿದ ಬಾಲಲೆ
ಕಣ್ಣಿಗೇ ಒಂದು ಕೊಟ್ಟಿತು.
"ಸಾಧು ಆಕಳ ಅಂದಿದ್ದಿ," ಅಂದರು ನಮ್ಮವರು, ಬಾಗಲದಾಗ ನಿಂತು.
ನೊಣಕ್ಕ ಹೊಡದದ್ದು ಅಂದೆ.
ಕಣ್ಣ ಒರಸಿಕೊಳ್ಳಾಕ ಕೈ ಖಾಲಿ ಇರಲಿಲ್ಲ.