ಸಾಣಾಪುರ, ಎರಡನೇ ಮನೆ

ಅಡುಗೆ ನೀವೇ ಮಾಡ್ಕೋಬೇಕ್ರಿ, ಅಂದಿದ್ದೆ ಫೋನಿನಲ್ಲೇ.
ಸಿಂಧನೂರಿನಿಂದ ಹನ್ನೊಂದು ಮಂದಿ ಇಳಿದರು,
ಅವರಿಗಿಂತ ಮೊದಲು ಇಳಿದದ್ದು ಒಂದು ಕಬ್ಬಿಣದ ಹಂಚು.
"ನಿಮ್ಮ ನಾನ್‌ಸ್ಟಿಕ್ಕಿನ ಮ್ಯಾಲ ರೊಟ್ಟಿ ಉಬ್ಬಂಗಿಲ್ಲವ್ವ,"
ಎಂದಳು ಶೇಕಮ್ಮ, ಕೆರೆಯ ಕಡೆ ನೋಡದೆಯೇ.

ಮೂರು ದಿನ ಕಿಟಕಿಯಿಂದ ರೊಟ್ಟಿ ಬಡಿತ.
ಮಕ್ಕಳು ಹರಗೋಲಿನಲ್ಲಿ ಗಿರಗಿರ ತಿರುಗಿ
ವಾಂತಿ ಮಾಡಿಕೊಂಡು, ಮತ್ತೆ ಹಸಿದು ಬಂದರು.
ಬಂಡೆಯ ನೆರಳು ಸರಿದಂತೆ
ಸರಿಯುತ್ತಿತ್ತು ಗಂಡಸರ ಇಸ್ಪೀಟು.

ಕೊನೆಯ ದಿನ ನಸುಕಿಗೇ ಎಣಿಸಿದೆ,
ಹಿತ್ತಲಲ್ಲಿ ಬೋರಲು ಹಾಕಿದ್ದ ಪಾತ್ರೆ:
ತಾಟು ಹನ್ನೆರಡು, ಚಮಚ ಒಂಬತ್ತು,
ಲೋಟ ಒಂದು ಕಡಿಮೆ.
ಹುಡುಕುತ್ತ ದಂಡೆಗಿಳಿದರೆ
ಶೇಕಮ್ಮ ಒಬ್ಬಳೇ, ಮೊಣಕಾಲು ಮಟ ನೀರಲ್ಲಿ,
ಸೀರೆ ಎತ್ತಿ ಕಟ್ಟಿ, ಕೈಯಲ್ಲಿ ನಮ್ಮ ಲೋಟ.
"ನನ್ನಷ್ಟಕ್ಕ ಚಾ ಮಾಡ್ಕೊಂಡೀನಿ.
ಅವರು ಏಳಲಿ. ಹುಡುಕಲಿ."

ಹುಡುಕಿದರು. ಬಿಸ್ಕೀಟು ತಿಂದು ವ್ಯಾನು ಹತ್ತಿದರು.
ಹಂಚು ಇಲ್ಲೇ ಉಳಿದಿದೆ, ಮರೆತದ್ದೋ ಬಿಟ್ಟದ್ದೋ.
ನನ್ನ ವಹಿಯಲ್ಲಿ ಅದಕ್ಕೆ ಸಾಲಿಲ್ಲ.

ಮರುದಿನ ಅದರ ಮೇಲೊಂದು ರೊಟ್ಟಿ ಹಾಕಿದೆ.
ಉಬ್ಬಿತು,
ಎಲ್ಲೂ ಬಾಯಿ ಬಿಡದೆ.