ರಾತ್ರಿ ಈ ವ್ಯಾನಿನಲ್ಲಿ ಏನೂ ಇರುವುದಿಲ್ಲ

ಹಾಗಂತ ಹಿಂಬಾಗಿಲಿಗೆ ಅಂಟಿಸಿದ್ದಾನೆ ಕ್ಲೈವ್,
ಹಳದಿ ಚೀಟಿ, ಕಪ್ಪು ಅಕ್ಷರ.
ಕಳ್ಳರು ಓದಿಕೊಂಡು ಹಾಗೇ ಹೋಗಲಿ ಅಂತ.

ಏನೂ ಇಲ್ಲದಿರಲು ಎಷ್ಟು ಕೆಲಸವಿದೆ ಗೊತ್ತೆ?
ಹಂಬರ್ ನದಿಯ ಗಾಳಿ ನಮ್ಮ ಬೀದಿಗೆ ಹೊಕ್ಕು
ಕಸದ ಡಬ್ಬಿಗಳ ಮುಚ್ಚಳ ಬಡಿಯುವ ಹೊತ್ತಿಗೆ
ಇಳಿಸತೊಡಗುತ್ತಾನೆ:
ಬೈರಿಗೆ ಎರಡು, ಗರಗಸ ಮೂರು,
ರಸಮಟ್ಟ, ಮೂಲೆಮಟ್ಟ, ಮೊಳೆ ಹೊಡೆಯುವ ಗನ್ನು,
ಹಳೆ ಟವೆಲಿನಲ್ಲಿ ಸುತ್ತಿದ ತೋಪಡ,
ಬಂದರಿನಿಂದ ತಂದ ಮೀನಿನ ಹಾಗೆ.
ಹದಿನಾಲ್ಕು ಸಲ ಹೊಸಿಲು ದಾಟುತ್ತಾನೆ,
ಆಲೂಗಡ್ಡೆ ಸುಲಿಯುತ್ತ ಎಣಿಸಿದ್ದೇನೆ.
ಆಮೇಲೆ ವ್ಯಾನನ್ನು ಹಿಂದಕ್ಕೆ ತಂದು ತಂದು
ಗೋಡೆಗೆ ಬೆನ್ನು ಕೊಟ್ಟು ನಿಲ್ಲಿಸುತ್ತಾನೆ,
ನಡುವೆ ಒಂದು ಅಂಗೈ ತೂರದಷ್ಟು ಸಂದು.

ಹಜಾರದಲ್ಲಿ ಈಗ ಏಡಿಯ ನಡಿಗೆ ನಮ್ಮದು.
ಮೆಟ್ಟಿಲ ಕೆಳಗೆ ಕಂಪ್ರೆಸರ್, ಅದರ ಮೇಲೆ ನನ್ನ ಕೋಟು.
ಮರದ ಹೊಟ್ಟಿನ ವಾಸನೆಯಿಲ್ಲದ ಬ್ರೆಡ್ಡು
ಈ ಮನೆಯಲ್ಲಿ ಯಾರೂ ತಿಂದಿಲ್ಲ
ನವೆಂಬರಿನಿಂದ.

ನವೆಂಬರಿನಲ್ಲಿ ಅವರು ಬಂದಿದ್ದರು.
ಬೀಗ ಮುಟ್ಟಲಿಲ್ಲ. ಬೀಗ ಒಳ್ಳೆಯದಿತ್ತು.
ಪಕ್ಕದ ಬಾಗಿಲಿನ ತಲೆ ಹಿಡಿದು, ಮೊಣಕಾಲು ಕೊಟ್ಟು
ಸಾರ್ಡೀನ್ ಡಬ್ಬಿ ಬಿಚ್ಚಿದಂತೆ ಬಗ್ಗಿಸಿದ್ದರು ತಗಡನ್ನು.
ಎರಡೇ ನಿಮಿಷ, ಎಂದಳು ಪೊಲೀಸು ಹುಡುಗಿ.
ಹೊಗಳಿದಳೋ ಮರುಗಿದಳೋ ತಿಳಿಯಲಿಲ್ಲ.
ಒಂದು ನಂಬರು ಬರೆದುಕೊಟ್ಟಳು,
ಇನ್ನೂ ಫ್ರಿಜ್ಜಿನ ಮೇಲಿದೆ ಅದು.
ಎದುರು ಮನೆಯ ಎನಿಡ್ ಕೆಮ್ಮು ಬಂದು ಎದ್ದಿದ್ದಳಂತೆ,
'ನಿನ್ನ ಗಂಡನೇ ಬೇಗ ಹೊರಟ ಅಂದುಕೊಂಡೆ' ಅಂದಳು.

ವಿಮೆಯವರು ಕೇಳಿದರು, ರಸೀದಿ?
ಮೂವತ್ತೊಂದು ವರ್ಷ ಅಂಗೈಗೆ ತಕ್ಕ ಹಾಗೆ ಸವೆದ ಹಿಡಿಗೆ
ಯಾವ ಅಂಗಡಿಯ ರಸೀದಿ?

ಕೋಟೆ ಕೊಳ್ಳೆ ಹೋದ ಮೇಲೆ
ದಿಡ್ಡಿ ಬಾಗಿಲು ಹಾಕಿದರು ಅಂತ ನಗುತ್ತಾರೆ.
ಹಾಕದೆ ಇನ್ನೇನು ಮಾಡಬೇಕಿತ್ತು?
ಕ್ಲೈವ್ ಹಾಕಿದ. ಚಿಲಕ, ಕೊಂಡಿ, ಕೂಗುವ ಪೆಟ್ಟಿಗೆ,
ಬೆಕ್ಕು ಸುಳಿದರೂ ಹತ್ತಿಕೊಳ್ಳುವ ದೀಪ.
ಮೂರು ವಾರ ಬೀದಿಗೆಲ್ಲ ನಿದ್ದೆಯಿಲ್ಲ,
ಬೆಕ್ಕಿಗೆ ಮಾತ್ರ ಚಿಂತೆಯಿಲ್ಲ.

ಮಾರ್ಚಿನ ಒಂದು ಭಾನುವಾರ,
ಬೆವರ್ಲಿ ದಾರಿಯ ಕೆಸರು ಮೈದಾನದಲ್ಲಿ
ಕಾರಿನ ಡಿಕ್ಕಿ ತೆರೆದಿಟ್ಟು ಹಳೆಸಾಮಾನು ಮಾರುವ ಸಂತೆ.
ನಾನು ಕೆಟಲ್ ನೋಡುತ್ತಿದ್ದೆ. ಅವನು ನಿಂತುಬಿಟ್ಟ.
ಕಸೂತಿ ಬಟ್ಟೆ, ಒಂಟಿ ಸ್ಕೇಟು,
ಹಲ್ಲುದುರಿದ ಬಾಚಣಿಗೆಗಳ ನಡುವೆ
ಮುಕ್ಕಾಲು ಅಂಗುಲದ ಉಳಿ.
ಹಿಡಿಯ ಮೇಲೆ ಕಾದ ಮೊಳೆಯಿಂದ ಸುಟ್ಟು ಬರೆದ
ಡಬ್ಲ್ಯು, ಎಚ್.
ವಿಲ್ಫ್ ಹೆಬಲ್‌ವೈಟ್. ಅವನಿಗೆ ಕೆಲಸ ಕಲಿಸಿದವನು.
ಸಾಯುವ ವಾರ ಆಸ್ಪತ್ರೆಗೆ ತರಿಸಿಕೊಂಡು
ಹೊದಿಕೆಯ ಕೆಳಗಿಂದ ತೆಗೆದುಕೊಟ್ಟದ್ದು.

'ಎಷ್ಟು?' ಅಂದ.
ಮಾರುವವಳಿಗೆ ವಯಸ್ಸಾಗಿತ್ತು, ಕೈಗವಸಿಗೆ ಬೆರಳಿರಲಿಲ್ಲ,
ಯಾರದೋ ಪೆಟ್ಟಿಗೆ, ಇಡಿಯಾಗಿ ಕೊಂಡೆ ಅಂದಳು.
'ಎಂಟು ಪೌಂಡು.'
ಈಗ ಕೂಗುತ್ತಾನೆ ಅಂದುಕೊಂಡೆ.
ಫ್ರಿಜ್ಜಿನ ಮೇಲಿನ ನಂಬರು ಬಾಯಿಪಾಠ ಬರುತ್ತಿತ್ತು ನನಗೆ.
ಅವನು ಹೆಬ್ಬೆರಳಲ್ಲಿ ಅಲಗು ಸವರಿ
'ಯಾರೂ ಮಸೆದೇ ಇಲ್ಲ ಇದನ್ನ' ಅಂದ.
ಚೌಕಾಸಿ ಮಾಡಿದ. ಆರಕ್ಕೆ ಇಳಿಸಿದ.
ಹತ್ತರ ನೋಟು ಕೊಟ್ಟು
ಚಿಲ್ಲರೆಗೆ ಕಾಯದೆ ನಡೆದುಬಿಟ್ಟ.

ವ್ಯಾನಿನಲ್ಲಿ ಕೂತು, ತೊಡೆಯ ಮೇಲೆ ಉಳಿ,
ಹೀಟರು ಬೆಚ್ಚಗಾಗುವ ತನಕ ಸುಮ್ಮನಿದ್ದ.
'ರಸೀದಿ ಕೇಳಬೇಕಿತ್ತು' ಅಂದ.
ಇಬ್ಬರೂ ನಕ್ಕೆವು. ಅವನು ಮೊದಲು ನಿಲ್ಲಿಸಿದ.

ಈಗ ಹದಿನೈದು ಸಲ ದಾಟುತ್ತಾನೆ ಹೊಸಿಲು.
ಕೊನೆಯ ಸಲ ಬರಿ ಉಳಿಯೊಂದು, ಅಂಗಿಯ ಜೇಬಿನಲ್ಲಿ.

ನಿನ್ನೆ ಎರಡು ಗಂಟೆಗೆ ಎಚ್ಚರವಾದರೆ ಪಕ್ಕ ತಣ್ಣಗಿತ್ತು.
ಕಿಟಕಿಯ ಬಳಿ, ಪರದೆ ಎರಡು ಬೆರಳು ಸರಿಸಿ
ಖಾಲಿ ವ್ಯಾನನ್ನು ಕಾಯುತ್ತಿದ್ದ.
'ಮಲಗು ಬಾ, ಅದರಲ್ಲಿ ಏನೂ ಇಲ್ಲ.'
'ಅವರಿಗೇನು ಗೊತ್ತು?'
'ಬರೆದಿದ್ದೀಯಲ್ಲ.'
'ಗೋಡೆ ಕಡೆಗಿದೆಯಲ್ಲ ಅದು' ಅಂದ.