ಏಳು ಸೆಂಟಿಮೀಟರ್

ಜರಿಮರಿಯ ಈ ಶಾಲೆಯಲ್ಲಿ
ನನ್ನ ಯಾವ ವಾಕ್ಯವೂ ಒಂದೇ ಉಸಿರಿಗೆ ಮುಗಿದದ್ದಿಲ್ಲ.
ಕರ್ತೃಪದ ಹೇಳುವಾಗ ಒಂದು ವಿಮಾನ ಇಳಿಯುತ್ತದೆ,
ಕ್ರಿಯಾಪದ ಅದು ನೆಲ ಮುಟ್ಟಿದ ಮೇಲೆ.
ನಡುವೆ ಐದನೇ ಇಯತ್ತೆಯ ಹತ್ತೊಂಬತ್ತು ಮಕ್ಕಳು
ಬಾಯಿ ತೆರೆದು ನಿಂತ ನನ್ನನ್ನು
ಕೆಟ್ಟ ಗಡಿಯಾರ ನೋಡುವ ಹಾಗೆ ನೋಡುತ್ತಾರೆ.

ಇವತ್ತಿನ ಲೆಕ್ಕ: ಮುಂಬಯಿಯಿಂದ ಗೋವಾಕ್ಕೆ
ವಿಮಾನ ಎಷ್ಟು ಹೊತ್ತಿಗೆ ಮುಟ್ಟುತ್ತದೆ?
ಸೀರೆಯ ಫಾಲಿನಿಂದ ಬಿಚ್ಚಿಕೊಂಡಿದ್ದ ಹಸಿರು ನೂಲು ಕಿತ್ತು
ಭೂಪಟದ ಮೇಲೆ ಎಳೆದು ಹಿಡಿದೆ.
ಬೆರಳಿನ ಕೆಳಗೆ ರತ್ನಾಗಿರಿ, ಉಗುರಿನಷ್ಟು ಕಡಲು.
ಏಳು ಸೆಂಟಿಮೀಟರ್.
ಒಂದೊಂದಕ್ಕೂ ಅರವತ್ತು ಕಿಲೋಮೀಟರ್.
ಏಳಾರ್ಲೆ ನಲವತ್ತೆರಡು, ಪಕ್ಕಕ್ಕೊಂದು ಸೊನ್ನೆ.
ನಾನೂರ ಇಪ್ಪತ್ತು ಎಂದದ್ದೇ
ಹಿಂದಿನ ಬೆಂಚು ಕಿಸಕ್ಕೆಂದಿತು.
ವೇಗ ತಾಸಿಗೆ ಐನೂರ ಅರವತ್ತು. ಭಾಗಿಸಿ.
ಮುಕ್ಕಾಲು ತಾಸು. ನಲವತ್ತೈದು ನಿಮಿಷ.
ಉತ್ತರಕ್ಕೆ ಚೌಕಟ್ಟು ಹಾಕಿದೆ.

ಮಾಳಪ್ಪ ಎದ್ದ.
"ಟೀಚರ್, ಇಮಾನ ಹಂಗ ಹೋಗಂಗಿಲ್ರಿ.
ಮೊದ್ಲು ಪಾಳಿಗಿ ನಿಂದರ್ತದ.
ಮುಂದ ನಾಕಿದ್ರ ನಾಕೂ ಹಾರೂತನ ಕಾಯ್ತದ.
ಮಳಿಗಾಲದಾಗ ಒಂದು, ಗಾಲಿ ಬಿಟ್ಟು ಇಳೀಲಿಕ್ಕ ಬಂದಿದ್ದು
ಗಾಲಿ ಮಡಚಿ ತಿರುಗಿ ಮ್ಯಾಲ ಹೋತು.
ಅರ್ಧ ತಾಸಿಗೆ ಮತ್ತ ಬಂತು. ನಾ ನೋಡೀನಿ."

ಪುಸ್ತಕದಲ್ಲಿ ಅದಿಲ್ಲ, ಎಂದೆ.
ಪುಸ್ತಕದ ವಿಮಾನಕ್ಕೆ ಪಾಳಿಯಿಲ್ಲ, ಎದುರುಗಾಳಿಯಿಲ್ಲ,
ಹುಟ್ಟಿದ್ದೇ ಐನೂರ ಅರವತ್ತರ ವೇಗದಲ್ಲಿ.
"ಯಾರು ಹೇಳಿದ್ದು ನಿನಗೆ ಇದೆಲ್ಲ?"
"ಅವ್ವ."

ಅವ್ವ ಸಾಬವ್ವ, ಯಾದಗಿರಿ ಕಡೆಯವಳು.
ಇಳಿದ ವಿಮಾನ ಮತ್ತೆ ಏರುವ ಮೊದಲು
ಸೀಟುಗಳ ಸಂದಿಯಿಂದ
ಕಡಲೆ ಸಿಪ್ಪೆ, ಮಗುವಿನ ಕಾಲುಚೀಲ,
ಒಮ್ಮೆ ಯಾರದೋ ಹಲ್ಲಿನ ಸೆಟ್ಟು
ಹೆಕ್ಕುವುದು ಅವಳ ಕೆಲಸ. ಹನ್ನೆರಡು ನಿಮಿಷ, ಮೂವತ್ತು ಸಾಲು.
ಶ್ರೀನಗರದ ವಿಮಾನ ಹತ್ತಿದ್ದಾಳೆ, ಕೊಚ್ಚಿಯದನ್ನೂ.
ಎಲ್ಲವೂ ನಿಂತೇ ಇದ್ದವು.

ಸಹಿ ಹಾಕಲು ಬಂದಾಗ ಕೇಳಿದ್ದೆ,
ಕೆಲಸ ಹತ್ತಿರವೇ ಅಲ್ಲವಾ?
ಕಿಟಕಿಯಿಂದ ಕೈ ತೋರಿಸಿದ್ದಳು:
ಗೋಡೆ, ಮುಳ್ಳುತಂತಿ, ಹುಲ್ಲು, ರನ್‌ವೇ,
ಅದರಾಚೆ ಹಗಲಲ್ಲೂ ದೀಪ ಉರಿಯುವ ಕಟ್ಟಡ.
"ಅಲ್ಲೇ ಕಾಣ್ತದಲ್ರಿ."
ಗೋಡೆಗೆ ಮಾತ್ರ ಈ ಕಡೆ ಬಾಗಿಲಿಲ್ಲ.

ಮಾಳಪ್ಪ ನೂಲು ಇಸಿದುಕೊಂಡ.
ಮುಂಬಯಿ ಎಂಬ ಚುಕ್ಕಿಯ ಮೇಲೆ
ಅದರ ಎರಡೂ ತುದಿ ಒಟ್ಟಿಗಿಟ್ಟ.
"ಇಲ್ಲಿಂದ ಇಲ್ಲಿಗಿ. ಸೊನ್ನಿ ಸೆಂಟಿಮೀಟರ್.
ಕುರ್ಲಾತನ ಒಂದು ಬಸ್ಸು, ಕಲೀನಾ ಮ್ಯಾಲಿಂದ ಇನ್ನೊಂದು,
ಆಮ್ಯಾಲ ಗೇಟಿನ್ಯಾಗ ತಪಾಸು.
ನಾಕಕ್ಕ ಹೊಂಟ್ರ ಅವ್ವ ಐದೂಕಾಲಿಗಿ ಒಳಗ.
ಅಷ್ಟರಾಗ ನಿಮ್ಮ ಗೋವಾದ್ದು ಹೋಗಿ ಮುಟ್ಟಿರ್ತದ."

ತರಗತಿ ನಕ್ಕಿತು. ಅವನೂ ನಕ್ಕ.
ನಾನು "ಅದು" ಎಂದೆ.
ಅಷ್ಟರಲ್ಲಿ ಒಂದು ಇಳಿಯತೊಡಗಿತು.
ಸರಳುಗಳು ನಡುಗಿದವು, ಸೀಮೆಸುಣ್ಣ ಉರುಳಿತು,
ಬೆಂಚುಗಳ ಮೇಲೆ ರೆಕ್ಕೆಯ ನೆರಳು ಹಾದುಹೋಯಿತು.
ಸದ್ದು ಆರಿದ ಮೇಲೆ
ಯಾವ ಕ್ರಿಯಾಪದ ಹೇಳಹೊರಟಿದ್ದೆನೋ ನೆನಪಾಗಲಿಲ್ಲ.

ಸಂಜೆ ನೋಟ್‌ಬುಕ್ಕು ತಿದ್ದಲು ಕೂತೆ.
ಮಾಳಪ್ಪನದು: ಚೌಕಟ್ಟಿನೊಳಗೆ ನಲವತ್ತೈದು ನಿಮಿಷ. ಸರಿ.
ಚೌಕಟ್ಟಿನ ಹೊರಗೆ, ಪೆನ್ಸಿಲಿನಲ್ಲಿ, "ಮತ್ತು ಕಾಯೂದು".
ಕೆಂಪು ಪೆನ್ನು ಹಿಡಿದು ತುಸು ಹೊತ್ತು ಕೂತಿದ್ದೆ.
"ಕಾಯುವುದು" ಎಂದು ತಿದ್ದಿದೆ.
ತೋಚಿದ್ದು ಅಷ್ಟೇ.